ದೋಣಿಯಲ್ಲಿ ಹೂಗಿಡ ನೆಟ್ಟವರು

ನಾಗಪುರದಲ್ಲಿ ನಮ್ಮಪ್ಪ ದೋಣಿ ಕಟ್ಟುತ್ತಿದ್ದರು ಎಂದರೆ ಜನ ಮೊದಲು ನಗುತ್ತಾರೆ. ನಿಮ್ಮ ಊರಲ್ಲಿ ಸಮುದ್ರ ಎಲ್ಲಿದೆಯಮ್ಮಾ ಎಂದು ಕೇಳುತ್ತಾರೆ. ಹುಬ್ಬಳ್ಳಿಯ ನೆಂಟರು ಕೇಳಿದ್ದಾರೆ, ಇಲ್ಲಿಯ ಕನ್ನಡದವರ ಸಂಕ್ರಾಂತಿ ಊಟದಲ್ಲಿ ಎದುರು ಪಂಕ್ತಿಯಲ್ಲಿ ಕೂತವರೂ ಕೇಳಿದ್ದಾರೆ. ಮೊದಮೊದಲು ನಾನೂ ಜೊತೆಗೆ ನಕ್ಕು ವಿವರಿಸುತ್ತಿದ್ದೆ. ಈಗ ಆಗುವುದಿಲ್ಲ. ಸಿಟ್ಟು ನನಗೆ ಹುಟ್ಟಿನಿಂದಲೇ ಮೂಗಿನ ತುದಿಯಲ್ಲಿದೆ, ರಿಟೈರ್ ಆದ ಮೇಲೆ ಅದನ್ನು ಅದುಮಿಡುವ ಕಾರಣವೂ ಉಳಿದಿಲ್ಲ. ವಿದರ್ಭದ ತುಂಬ ಕೆರೆಗಳಿವೆ, ಕೆರೆ ತುಂಬ ಮೀನಿದೆ. ಆ ಮೀನು ತಾನಾಗಿ ದಡಕ್ಕೆ ಬಂದು ಬುಟ್ಟಿಯಲ್ಲಿ ಕೂರುತ್ತದೆಯೇ?

ಅಪ್ಪ ಕಟ್ಟಿಗೆ ವ್ಯಾಪಾರಕ್ಕೆಂದು ಧಾರವಾಡದ ಕಡೆಯಿಂದ ಬಂದವರು. ನಾಗಪುರದ ಪಕ್ಕದ ವಾಡಿಯಲ್ಲಿ ಅವರದೊಂದು ಸಾ ಮಿಲ್ ಇತ್ತು. ಒಮ್ಮೆ ಯಾರೋ ಮೀನುಗಾರರು ಸಾಗುವಾನಿ ಹಲಗೆ ಕೊಳ್ಳಲು ಬಂದು, ಇದರಲ್ಲಿ ದೋಣಿಯನ್ನೂ ನೀವೇ ಮಾಡಿ ಕೊಡಿ ಎಂದು ಹಟ ಹಿಡಿದರಂತೆ. ಅಪ್ಪ ಮಾಡಿ ಕೊಟ್ಟರು. ಅದು ಚೆನ್ನಾಗಿ ತೇಲಿತು, ಮತ್ತೊಬ್ಬರು ಬಂದರು. ಹಾಗೆ ಮಿಲ್ಲಿನ ಹಿಂದಿನ ತಗಡಿನ ಶೆಡ್ಡು ದೋಣಿಯ ಕಾರಖಾನೆಯಾಯಿತು. ಸುತ್ತ ಹನಿ ನೀರಿಲ್ಲದ ಜಾಗ. ಅಲ್ಲಿ ಹುಟ್ಟಿದ ದೋಣಿಗಳು ಲಾರಿ ಹತ್ತಿ ಭಂಡಾರಾ ಕಡೆಗೆ, ಸಾವನೇರ್ ಕಡೆಗೆ ಹೋಗಿ ಮೊದಲ ಸಲ ನೀರು ನೋಡುತ್ತಿದ್ದವು. ನಾನೂ ಅಣ್ಣನೂ ಶಾಲೆ ಬಿಟ್ಟ ಮೇಲೆ ಅರೆಬರೆ ದೋಣಿಯೊಳಗೆ ಕೂತು, ಕೆಳಗಿನ ಮರದ ಹುಡಿಯಲ್ಲಿ ಹುಟ್ಟು ಹಾಕುತ್ತಿದ್ದೆವು.

ಪ್ರತಿ ದೋಣಿಯ ಹಿಂಬದಿಯಲ್ಲಿ ಅಪ್ಪ ಉಳಿಯಿಂದ ಒಂದು ಕನ್ನಡ ಅಂಕಿ ಕೊರೆಯುತ್ತಿದ್ದರು, ಎಷ್ಟನೆಯ ದೋಣಿ ಎಂದು ತಮಗೆ ಗೊತ್ತಾಗಲಿ ಅಂತ. ಆ ಕಡೆಯ ಮೀನುಗಾರರಿಗೆ ಅದು ಓದಲು ಬಾರದು. ಅದೇನೋ ಶುಭದ ಗುರುತು ಎಂದುಕೊಂಡು ಹಬ್ಬದ ದಿನ ಅದಕ್ಕೆ ಅರಿಸಿನ ಕುಂಕುಮ ಹಚ್ಚುತ್ತಿದ್ದರು. ಹೇಳಬಾರದೇ ಅಪ್ಪಾ ಎಂದರೆ, “ಹಚ್ಚಲಿ ಬಿಡವಾ, ಅಂಕಿಗೇನ್ ನೋವಾಕ್ಕೈತೇನು?” ಎನ್ನುತ್ತಿದ್ದರು.

ಲಾರಿ ಹೊರಡುವ ಮುಂಚೆ ಮಾತ್ರ ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದರು. ಬೇಸಿಗೆಯಲ್ಲಿ ಇದನ್ನು ಬಿಸಿಲಿಗೆ ಇಡಬೇಡಿ, ಮುಳುಗಿಸಿ. ನಮ್ಮ ಮೇ ತಿಂಗಳ ಬಿಸಿಲು ಎಂಥದ್ದೆಂದು ಇಲ್ಲಿ ಒಂದು ಬೇಸಿಗೆ ಕಳೆದವರಿಗೆ ಹೇಳಬೇಕಿಲ್ಲ. ದಡದಲ್ಲಿ ಬಿಟ್ಟ ದೋಣಿಯ ಹಲಗೆ ಒಣಗಿ, ಸಂದು ಬಿಟ್ಟು, ಕೊನೆಗೆ ಉದ್ದಕ್ಕೂ ಸೀಳುತ್ತದೆ. ಸಂದನ್ನು ರಾಳ ತುಂಬಿ ಮುಚ್ಚಬಹುದು, ಸೀಳಿದ ಹಲಗೆಗೆ ಮದ್ದಿಲ್ಲ. ಅದಕ್ಕೇ ಮೀನು ಹಿಡಿಯುವ ಕೆಲಸ ಮುಗಿದ ಕೂಡಲೇ ದೋಣಿಗೆ ಕಲ್ಲು ತುಂಬಿ ಕೆರೆಯಲ್ಲಿ ಮುಳುಗಿಸುತ್ತಾರೆ. ಮರ ತಳದಲ್ಲಿ ತಣ್ಣಗೆ ನೀರು ಕುಡಿಯುತ್ತ ಬಿಗಿಯಾಗಿರುತ್ತದೆ. ಮಳೆಗಾಲ ಕಳೆದ ಮೇಲೆ ಎತ್ತಿ, ಡಾಂಬರು ಬಳಿದು, ಮತ್ತೆ ಇಳಿಸುತ್ತಾರೆ. ಬೇರೆ ಕಡೆಯವರಿಗೆ ಮುಳುಗಿದ ದೋಣಿ ಎಂದರೆ ಹಾಳಾದ ದೋಣಿ, ನಮ್ಮ ಕೆರೆಗಳಲ್ಲಿ ಅದು ಜೋಪಾನವಾಗಿ ಎತ್ತಿಟ್ಟ ದೋಣಿ. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ತಿಳಿಯುತ್ತದೆ.

ಅಪ್ಪನ ಕೈ ನಡುಗತೊಡಗಿದ ಮೇಲೆ ಕಾರಖಾನೆ ನಿಂತಿತು. ಅವರು ಹೋದ ಮೇಲೆ ಅಣ್ಣ ಜಾಗ ಮಾರಿದ. ಈಗ ಅಲ್ಲಿ ಟ್ರಾನ್ಸ್‌ಪೋರ್ಟಿನವರ ಗೋದಾಮಿದೆ.

ನೌಕರಿ ಮುಗಿದ ಮೇಲೆ ನಾನೊಂದು ಕ್ಯಾಮೆರಾ ಕೊಂಡೆ. ಅಪ್ಪನ ದೋಣಿಗಳಲ್ಲಿ ಉಳಿದಿರುವವನ್ನು ಹುಡುಕಿ ಫೋಟೊ ತೆಗೆಯಬೇಕು, ಅಷ್ಟೇ ಆಸೆ. ಬಸ್ಸು, ಶೇರ್ ಆಟೊ, ಯಾರದೋ ಸ್ಕೂಟರಿನ ಹಿಂದೆ ಕೂತು ಕೆರೆಯಿಂದ ಕೆರೆಗೆ ತಿರುಗಿದೆ. ಸಾವನೇರ್ ಹತ್ತಿರ ಒಂದು ಸಿಕ್ಕಿತು, ಅದರಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದರು. ಇನ್ನೊಂದನ್ನು ಬೋರಲು ಹಾಕಿ ಕೋಳಿಗೂಡಿಗೆ ಸೂರು ಮಾಡಿದ್ದರು. ಅದಕ್ಕೆ ನನಗೆ ಸಿಟ್ಟಿಲ್ಲ. ಆಯಸ್ಸು ಮುಗಿದ ದೋಣಿಗಳು ಅವು, ಯಾರದೋ ಮನೆಗೆ ಉಪಯೋಗಕ್ಕೆ ಬಂದವು. ನೀರಿನ ಮೇಲೆ ಇನ್ನೂ ಓಡಾಡುತ್ತಿದ್ದುದು, ನನ್ನ ಕಣ್ಣಿಗೆ ಬಿದ್ದಂತೆ, ಒಂದೇ ಒಂದು. ಅದೂ ಊರಾಚೆ ಎಲ್ಲೋ ಅಲ್ಲ, ನಾಗಪುರದ ಅಂಚಿನ ಒಂದು ಕೆರೆಯಲ್ಲಿ.

ಅದರ ಒಡತಿ ನಲವತ್ತು ದಾಟಿದ ಹೆಂಗಸು. ಅವಳ ಅತ್ತೆ ಅದನ್ನು ನಮ್ಮಪ್ಪನ ಕೈಯಿಂದಲೇ ಕೊಂಡಿದ್ದಳು. ಗಂಡ ಕಲ್ಲಿದ್ದಲು ಗಣಿಯ ಕಡೆ ಗುತ್ತಿಗೆ ಕೆಲಸಕ್ಕೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಬಲೆ ಬೀಸುವವಳೂ ಇವಳೇ, ಮೀನು ಮಾರುವವಳೂ ಇವಳೇ. ಆ ಕೆರೆಯ ಉಳಿದವರು ಲಾರಿಯ ಟ್ಯೂಬಿನ ಮೇಲೆ, ಥರ್ಮೊಕೋಲ್ ಹಲಗೆಯ ಮೇಲೆ ಜೀವ ಕೈಯಲ್ಲಿ ಹಿಡಿದುಕೊಂಡು ನಡುನೀರಿಗೆ ಹೋಗುತ್ತಾರೆ. ಇವಳಿಗೆ ದೋಣಿಯಿತ್ತು, ಹಾಗಾಗಿ ಸೊಂಟ ನೆನೆಯದೆ ಮನೆಗೆ ಬರುತ್ತಿದ್ದಳು. ನಾನು ಯಾರ ಮಗಳೆಂದು ತಿಳಿದ ದಿನವೇ ನನ್ನನ್ನು ಮಾವಶಿ ಎನ್ನತೊಡಗಿದಳು, ಮರಾಠಿಯಲ್ಲಿ ಚಿಕ್ಕಮ್ಮ. ನಮ್ಮಿಬ್ಬರ ಮಾತೆಲ್ಲ ಮರಾಠಿಯಲ್ಲಿ. ಇಲ್ಲಿ ನಮ್ಮ ಮನೆಯ ಕನ್ನಡದಲ್ಲೇ ಬರೆಯುತ್ತೇನೆ, ಅವಳ ಬಾಯಿಗೆ ಅದು ಒಪ್ಪುತ್ತದೆ.

ಆ ಏಪ್ರಿಲ್‌ನಲ್ಲಿ ಅವಳು ದೋಣಿ ಮುಳುಗಿಸುವುದನ್ನು ನಾನು ಮೊದಲಿನಿಂದ ಕೊನೆಯವರೆಗೆ ಫೋಟೊ ತೆಗೆದಿದ್ದೆ. ಮೇ ಮಧ್ಯದಲ್ಲಿ ಅವಳ ಫೋನು ಬಂತು.

“ಮಾವಶಿ, ಡೋಂಗಾ ಎತ್ತಿ ಒಯ್ದಾರ್ರಿ. ಜಲ್ದಿ ಬರ್ರಿ.”

ಡೋಂಗಾ ಎಂದರೆ ಅವಳ ದೋಣಿ. ಕೆರೆಯ ಸೌಂದರ್ಯೀಕರಣ ಎಂದು ಕೆಲಸ ನಡೆದಿತ್ತು. ನೀರು ಇಳಿದು ದೋಣಿಯ ಅಂಚು ಕಂಡಿದೆ. ಅವಳು ಪೇಟೆಗೆ ಹೋಗಿದ್ದ ಹೊತ್ತಿನಲ್ಲಿ ಜೆಸಿಬಿ ತಂದು ಕಸದ ಜೊತೆ ಎಳೆದು ಹಾಕಿದ್ದಾರೆ. ಕಸದಲ್ಲಿಯೇ ಬಿಟ್ಟಿದ್ದರೆ ನಾವೇ ಹೊತ್ತು ತರುತ್ತಿದ್ದೆವು. ಯಾವನೋ ರಸಿಕನ ಕಣ್ಣಿಗೆ ಬಿದ್ದುಬಿಟ್ಟಿತು. ನಾನು ಹೋಗುವ ಹೊತ್ತಿಗೆ ಅದು ಕೆರೆ ದಡದ ಹೊಸ ಉದ್ಯಾನದ ಗೇಟಿನ ಪಕ್ಕ, ಮರದ ನೆರಳೂ ಇಲ್ಲದ ಕಡೆ, ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಮೈಗೆಲ್ಲ ಗುಲಾಬಿ, ನೀಲಿ ಬಣ್ಣ. ಹೊಟ್ಟೆಯ ತುಂಬ ಮಣ್ಣು. ಮಣ್ಣಿನಲ್ಲಿ ಸಾಲಾಗಿ ಹೂವಿನ ಸಸಿಗಳು. ಅಪ್ಪ ಕೊರೆದ ಅಂಕಿಯ ಮೇಲೆ ಒಂದು ಚಿಟ್ಟೆ ಬಿಡಿಸಿದ್ದರು.

ಬಗ್ಗಿ ತಳ ನೋಡಿದೆ. ಡ್ರಿಲ್ಲಿನಿಂದ ಉದ್ದಕ್ಕೂ ತೂತು ಕೊರೆದಿದ್ದರು. ಯಾಕಪ್ಪಾ ಎಂದು ಅಲ್ಲಿದ್ದ ಕಾವಲುಗಾರನನ್ನು ಕೇಳಿದೆ. ಗಿಡದ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದಲ್ಲ, ಹರಿದು ಹೋಗಬೇಕಲ್ಲ ಎಂದ. ದೋಣಿಗೆ ತೂತು! ನೀರು ಒಳಗೆ ಬರದಿರಲಿ ಎಂದು ಅಪ್ಪ ಒಂದೊಂದು ಸಂದಿಗೂ ಹತ್ತಿಯ ಎಳೆ ತುರುಕಿ, ಕಿವಿ ಇಟ್ಟು ತಟ್ಟಿ ನೋಡುತ್ತಿದ್ದರು. ಇವರು ನೀರು ಹೊರಗೆ ಹೋಗಲಿ ಎಂದು ತೂತು ಕೊರೆದಿದ್ದಾರೆ. ನನ್ನ ಮೈಯೆಲ್ಲ ಉರಿಯಿತು. ಆ ಕಾವಲುಗಾರನನ್ನು ಬಾಯಿಗೆ ಬಂದ ಹಾಗೆ ಬೈದೆ, ಪಾಪ, ಅವನದೇನೂ ತಪ್ಪಿರಲಿಲ್ಲ. ಅವಳು ಮಾತ್ರ ಅಂಗೈಯನ್ನು ಹಲಗೆಯ ಮೇಲಿಟ್ಟು ನಿಂತಿದ್ದಳು.

“ಕಾದೈತ್ರಿ ಮಾವಶಿ,” ಅಂದಳು. “ಮಳಿ ಬರೂತನಕ ಹಿಂಗ ನಿಂತ್ರ ಸೀಳ್ತೈತಿ. ಸೀಳಿದ್ರ ಮುಗೀತು. ನಾನೂ ಟ್ಯೂಬ್ ಹಿಡಕೊಂಡು ಇಳೀಬೇಕು.”

ತೂತಿಗೆ ಗೂಟ ಬಡಿದರೆ ಆಯಿತು. ಬಿಸಿಲಿಗೇ ನಾವು ಹೆದರಿದ್ದು. ಮಳೆ ಬರಲು ಇನ್ನೂ ವಾರಗಳಿದ್ದವು, ಅಷ್ಟರೊಳಗೆ ದೋಣಿ ನೀರಿಗೆ ಹೋಗಬೇಕಿತ್ತು.

ಮರುದಿನವೇ ಕೆರೆ ಕೆಲಸದ ಉಸ್ತುವಾರಿಯ ಸಾಹೇಬರ ಆಫೀಸಿಗೆ ಇಬ್ಬರೂ ಹೋದೆವು. ಕೂಲರಿನ ಮುಂದೆ ಕೂತಿದ್ದ ಮನುಷ್ಯ ನನಗೆ ಕುರ್ಚಿ ತೋರಿಸಿದ, ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ. ಅಲ್ಲಿಂದಲೇ ನನ್ನ ಪಿತ್ತ ನೆತ್ತಿಗೇರಿತ್ತು. ಆದರೂ ಹಲ್ಲು ಕಚ್ಚಿಕೊಂಡು ಸಮಾಧಾನವಾಗಿ ಎಲ್ಲ ಹೇಳಿದೆ. ಅಪ್ಪನ ಕಾರಖಾನೆ, ಮುಳುಗಿಸುವ ಪದ್ಧತಿ, ಬಿಸಿಲು, ಸೀಳು. ಕ್ಯಾಮೆರಾ ತೆಗೆದು ಅವಳು ಅದೇ ದೋಣಿಯಲ್ಲಿ ನಿಂತು ಬಲೆ ಬೀಸುತ್ತಿರುವ ಫೋಟೊ ತೋರಿಸಿದೆ.

ಆತನ ಮುಖ ಅರಳಿತು. “ವಾಹ್ ಮೇಡಂ, ಬೆಳಕು ಎಷ್ಟು ಚೆನ್ನಾಗಿ ಸಿಕ್ಕಿದೆ! ಇದನ್ನು ದೊಡ್ಡದು ಮಾಡಿಸಿ ದೋಣಿಯ ಪಕ್ಕದಲ್ಲೇ ಹಾಕೋಣ. ನಿಮ್ಮ ತಂದೆಯವರ ಹೆಸರೂ ಬರೆಸೋಣ.”

“ಹೆಸರು ಬೇಡ. ದೋಣಿ ಇವಳದು, ಇವಳಿಗೆ ಕೊಡಿ.”

“ಅದು ನೀರಿನ ತಳದಲ್ಲಿ ಕೊಳೆಯುತ್ತ ಬಿದ್ದಿತ್ತು ಮೇಡಂ. ನಾವು ಉಳಿಸಿದ್ದೇವೆ.”

“ಕೊಳೆಯುತ್ತಿರಲಿಲ್ಲ. ಇಟ್ಟಿದ್ದರು. ಈಗ ತಾನೇ ಹೇಳಿದೆನಲ್ಲ.”

“ದೋಣಿಯನ್ನು ಯಾರಾದರೂ ಬೇಕೆಂದೇ ಮುಳುಗಿಸುತ್ತಾರೆಯೇ?” ಎಂದು ಆತ ನಕ್ಕ. ನಾನು ಹೇಳಿದ ಒಂದಕ್ಷರವನ್ನೂ ಆತ ನಂಬಿರಲಿಲ್ಲ. ಆಮೇಲೆ ದೋಣಿ ಇವಳದೇ ಎನ್ನುವುದಕ್ಕೆ ಕಾಗದ ಇದೆಯೇ ಎಂದ. ಮೀನುಗಾರರ ದೋಣಿಗೆ ಎಲ್ಲಿಯ ಕಾಗದ? “ನಿಮ್ಮ ಮನೆಯ ಮಂಚಕ್ಕೆ ಕಾಗದ ಇದೆಯೇನ್ರಿ? ನಾಳೆ ನಾನು ಬಂದು ಎತ್ತಿಕೊಂಡು ಹೋಗಿ ಗುಲಾಬಿ ನೆಟ್ಟರೆ ನಡೆಯುತ್ತದೆಯೇ?” ಎಂದು ಕೂಗಿದೆ. ಜವಾನ ಒಳಗೆ ಬಂದ. ಸಾಹೇಬ ಬೇರೆ ಆಫೀಸಿನ ದಾರಿ ತೋರಿಸಿದ, ಆ ಆಫೀಸಿನವರು ಮತ್ತೆ ಇವನ ಕಡೆಗೇ ಕೈ ತೋರಿಸಿದರು. ಊರಿನ ಬಿಸಿಲಲ್ಲಿ ಹೀಗೆ ಅಲೆದಾಡುವಾಗ ನನಗೆ ಒಂದೇ ಯೋಚನೆ, ಅಲ್ಲಿ ಅದು ಒಣಗುತ್ತಿದೆ.

ರಾಮದಾಸಪೇಠಿನ ಅಣ್ಣನ ಮನೆಗೆ ಹೋದೆ. ಅವನಿಗೆ ಊರಲ್ಲಿ ನಾಲ್ಕು ದೊಡ್ಡ ಮನುಷ್ಯರ ಪರಿಚಯವಿದೆ, ಒಂದು ಫೋನು ಮಾಡಲಿ ಎಂದು. ಅವನು ಮೊಬೈಲಿನಲ್ಲಿ ನಾನು ತೆಗೆದ ಆ ಹೂಕುಂಡದ ಫೋಟೊ ನೋಡಿ, “ಚಲೋ ಕಾಣ್ತೈತಲ್ಲ ತಂಗಿ,” ಅಂದ.

“ಏನಂದಿ?”

“ಅಲ್ಲ, ಹಂಗಲ್ಲ. ಅಪ್ಪನ ಕೆಲಸ ನಾಕು ಮಂದಿ ನೋಡ್ತಾರ. ನೀರಾಗ ಮುಳುಗಿದ್ರ ಯಾರ್ ನೋಡ್ತಿದ್ರು? ಬಿಟ್ಬಿಡ ಇನ್ನ, ಬಿಪಿ ಏರಿಸ್ಕೊಬ್ಯಾಡ.”

“ಮಂದಿ ನೋಡಲಿ ಅಂತ ಅಪ್ಪ ಮಾಡಿದ್ದನೇನು? ಹೊಟ್ಟಿ ತುಂಬಲಿ ಅಂತ ಮಾಡಿದ್ದ. ಆ ಹೆಣ್ಮಗಳ ಅನ್ನ ಅದು, ಅಣ್ಣಾ!”

ಅತ್ತಿಗೆ ಚಹಾ ತಂದಿಟ್ಟಳು. ಕುಡಿಯದೆ ಎದ್ದು ಬಂದೆ. ಜಾಗ ಮಾರಿದ ದಿನ ಅವನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಅಂದು ಬಂದಿತ್ತು, ಲಿಫ್ಟ್‌ಗೂ ಕಾಯದೆ ಮೆಟ್ಟಿಲು ಇಳಿದೆ.

ಆ ವಾರದ ಕೊನೆಯಲ್ಲಿ ಕೆರೆಗೆ ಹೋದರೆ, ಅವಳು ಕೈಯಲ್ಲಿ ಪೈಪು ಹಿಡಿದು ದೋಣಿಯ ಪಕ್ಕ ನಿಂತಿದ್ದಾಳೆ. ಉದ್ಯಾನದವರಿಗೆ ನೀರು ಹಾಕುವ ಆಳು ಬೇಕಾಗಿತ್ತಂತೆ. ಸಾಹೇಬನೇ ಅವಳನ್ನು ಕರೆದು, ಹೇಗೂ ನಿನಗೆ ಕೆಲಸವಿಲ್ಲ, ದಿನಗೂಲಿ ಕೊಡುತ್ತೇವೆ ಅಂದನಂತೆ. ಇವಳು ಹೂಂ ಅಂದಿದ್ದಾಳೆ. ಅವಳ ಹೊಟ್ಟೆಗೆ ಕಲ್ಲು ಹಾಕಿ, ಆಮೇಲೆ ಅದೇ ಕಲ್ಲಿಗೆ ನೀರೆರೆಯುವ ಕೆಲಸ ಕೊಟ್ಟು ಉಪಕಾರ ಮಾಡಿದವರ ಹಾಗೆ ಮೆರೆಯುತ್ತಿದ್ದ ಆ ಮನುಷ್ಯನ ಮೇಲೆ ಬರಬೇಕಾದ ಸಿಟ್ಟೆಲ್ಲ ಅವಳ ಮೇಲೆ ಹೋಯಿತು.

“ನಾಚಿಕಿ ಆಗೂದಿಲ್ಲೇನ ನಿನಗ?” ಎಂದೆ. “ನಿನ್ನ ದೋಣಿಯೊಳಗ ಅವರ ಗಿಡಕ್ಕ ನೀರು ಹಾಕ್ತೀ? ನಿನ್ನ ಸಂಬಂಧ ನಾ ಬೀದಿ ಬೀದಿ ತಿರಗ್ಯಾಡಿ ಸಾಯಾಕತ್ತೀನಿ!”

ಅವಳು ಪೈಪು ಕೆಳಗಿಡಲಿಲ್ಲ. “ಒದರಬ್ಯಾಡ್ರಿ ಮಾವಶಿ. ನೀರು ಎಲ್ಲಿ ಬೀಳಾಕತ್ತೈತಿ, ಅದನ್ನಷ್ಟು ಬರೋಬರ್ ನೋಡ್ರಿ.”

ನೋಡಿದೆ. ನೀರು ಸಸಿಗಳಿಗೆ ಬೀಳುತ್ತಿರಲಿಲ್ಲ. ಅಂಚಿನಿಂದ ಹಲಗೆಯ ಮೇಲೆ, ಸಂದಿನ ಉದ್ದಕ್ಕೆ, ಹೊರಮೈಗೆ ಹರಿಯುತ್ತಿತ್ತು. ಎರಡೂ ಮಗ್ಗುಲಿಗೆ ಗೋಣಿತಾಟು ಇಳಿಬಿಟ್ಟು ಅದನ್ನು ತೊಯ್ಯಿಸುತ್ತಿದ್ದಳು. “ಬ್ಯಾರೆ ಯಾರರ ಬಂದಿದ್ರ ಗಿಡಕ್ಕ ಹಾಕ್ತಿದ್ರು,” ಅಂದಳು. “ಅದಕ್ಕ ನಾನ ಬಂದೆ.” ಅಷ್ಟು ಹೊತ್ತು ಬೈಸಿಕೊಂಡರೂ ಅವಳಿಗೆ ನನ್ನ ಮೇಲೆ ಬೇಸರವಿರಲಿಲ್ಲ. ಇನ್ನೂ ನಾಲ್ಕು ಗೋಣಿತಾಟು ಬೇಕಿತ್ತು ಎಂದಳು.

ತಂದುಕೊಟ್ಟೆ. ಇತವಾರಿಯ ಅಂಗಡಿಯಿಂದ ರಾಳವನ್ನೂ ತಂದೆ. ಅವಳು ಹಳೆಯ ಸೀರೆಯ ಚೂರನ್ನು ಕರಗಿಸಿದ ರಾಳದಲ್ಲಿ ಅದ್ದಿ, ಸ್ಟ್ಯಾಂಡಿನ ಕೆಳಗೆ ಅಂಗಾತ ಮಲಗಿ, ತಳದ ತೂತುಗಳನ್ನು ಒಂದೊಂದಾಗಿ ಬಿಗಿದಳು. ಹಾಡುಹಗಲು, ಎಲ್ಲರೂ ಓಡಾಡುವ ಗೇಟಿನ ಪಕ್ಕ. ನಾನು ಅವಳ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದೆ. ಏನು ನಡೆದಿದೆ ಎಂದು ಕಾವಲುಗಾರ ಕೇಳಿದ. “ಫೋಟೊ ತೆಗೀತಿದೀನಿ, ಕಾಣಲ್ವಾ? ಸಾಹೇಬರೇ ಹೇಳಿದಾರೆ, ಬೋರ್ಡಿಗೆ ಹಾಕಬೇಕಂತೆ,” ಎಂದು ಹಿಂದಿಯಲ್ಲಿ ಗದರಿದೆ. ಹಿಂದೆ ಬೈಸಿಕೊಂಡಿದ್ದ ನೆನಪಿಗೋ ಏನೋ, ತೆಪ್ಪಗೆ ಹೋದ. ಈ ಊರಲ್ಲಿ ಕ್ಯಾಮೆರಾ ಹಿಡಿದ ಮುದುಕಿಯನ್ನು ಯಾರೂ ಎರಡನೆಯ ಮಾತು ಕೇಳುವುದಿಲ್ಲ.

ತೂತು ಮುಚ್ಚಿದ ಮೇಲೆ ಒಳಗಿನ ನೀರು ಒಳಗೇ ನಿಂತಿತು. ಮಣ್ಣು ಕೆಸರಾಯಿತು. ಮರಕ್ಕೆ ಒಳಗಿನಿಂದಲೂ ನೀರು ಸಿಕ್ಕಿತು, ಸಸಿಗಳ ಬುಡ ಕೊಳೆಯತೊಡಗಿತು. ಸಂಜೆ ಜನ ಬರುವ ಮುಂಚೆ ಅವಳು ಗೋಣಿತಾಟು ತೆಗೆದು ಮಡಚಿಡುತ್ತಿದ್ದಳು, ಬೆಳಗಾದರೆ ಮತ್ತೆ ಹೊದಿಸುತ್ತಿದ್ದಳು. ಎಲೆ ಹಳದಿಯಾದವು, ಹೂ ಉದುರಿದವು. ಜನ ದೋಣಿಗೆ ಬೆನ್ನು ಮಾಡಿ ನಿಂತು ಸೆಲ್ಫಿ ತೆಗೆದುಕೊಳ್ಳುವುದನ್ನು ಬಿಟ್ಟರು. ನಾಲ್ಕು ಹೆಜ್ಜೆ ದೂರದಿಂದಲೇ ಕೊಳೆತ ನಾತ, ಸುತ್ತ ಗುಂಯ್ ಎನ್ನುವ ಸೊಳ್ಳೆ. ನಾನು ಹೋದಾಗಲೆಲ್ಲ ಹಲಗೆಯ ಮೇಲೆ ಬೆರಳಾಡಿಸಿ ನೋಡುತ್ತಿದ್ದೆ. ಬಣ್ಣ ಅಲ್ಲಲ್ಲಿ ಎದ್ದಿತ್ತು, ಮರ ಸೀಳಿರಲಿಲ್ಲ.

ಜೂನ್ ಬಂತು. ಮೋಡ ಕಟ್ಟುತ್ತಿತ್ತು, ಮಳೆ ಇರಲಿಲ್ಲ. ಅಂಥದೊಂದು ಬೆಳಿಗ್ಗೆ ಸಾಹೇಬ ಮೇಲಿನ ಯಾರನ್ನೋ ಉದ್ಯಾನ ತೋರಿಸಲು ಕರೆದುಕೊಂಡು ಬಂದ. ನಾನೂ ಅಲ್ಲಿದ್ದೆ. ಬಂದವರು ದೋಣಿಯ ಹತ್ತಿರ ಬಂದು ಮೂಗು ಮುಚ್ಚಿಕೊಂಡರು. ಸಾಹೇಬನ ಮುಖ ಕಪ್ಪಿಟ್ಟಿತು.

“ಏನಿದು? ಏ, ಇಲ್ಲಿ ಬಾ! ಒಂದು ಗಿಡ ಉಳಿಸೋಕೆ ಬರಲ್ವಾ ನಿನಗೆ?”

ಅವಳು ತಲೆ ತಗ್ಗಿಸಿ ಬಂದು ನಿಂತಳು.

“ಮೀನು ನಾರುವುದು ಬಿಟ್ಟರೆ ಬೇರೇನು ಗೊತ್ತು ಈ ಜನಕ್ಕೆ? ಪಾಪ ಎಂದು ಕೆಲಸ ಕೊಟ್ಟರೆ ಹೀಗೆ! ಕತ್ತೆಗೂ ಇದಕ್ಕಿಂತ ಬುದ್ಧಿ ಇರುತ್ತೆ.”

ನನ್ನ ಕಾಲು ತಾನಾಗಿ ಒಂದು ಹೆಜ್ಜೆ ಮುಂದೆ ಹೋಯಿತು. ಬಾಯಿ ತೆರೆದಿದ್ದೆ. ಬೈಗುಳ ಕನ್ನಡದಲ್ಲಿ ಬರಬೇಕೋ ಮರಾಠಿಯಲ್ಲಿ ಬರಬೇಕೋ ಎನ್ನುವಷ್ಟೇ ತಡ. ಅವಳು ತಲೆಯೆತ್ತದೆ ನನ್ನ ಮುಂಗೈ ಹಿಡಿದಳು. ಹುಟ್ಟು ಹಾಕಿ ಗಟ್ಟಿಯಾದ ಕೈ, ಬಳೆ ಚರ್ಮಕ್ಕೆ ಒತ್ತಿತು. “ತಪ್ಪಾತ್ರಿ ಸಾಹೇಬ್ರ,” ಎಂದು ಅವನಿಗೆ ಹೇಳಿದಳು. “ನನಗ ತಿಳೀಲಿಲ್ಲ.”

“ನಾಳೆಯಿಂದ ಬರಬೇಡ. ಮತ್ತೆ ಇದನ್ನು ಇವತ್ತೇ ಇಲ್ಲಿಂದ ತೆಗಿ. ಎಲ್ಲಿಗಾದರೂ ಒಯ್ದು ಬಿಸಾಕು, ನನ್ನ ಕಣ್ಣಿಗೆ ಬೀಳಬಾರದು.”

“ಹೂನ್ರಿ,” ಅಂದಳು.

ಜೀವನದಲ್ಲಿ ನಾನು ಸಿಟ್ಟನ್ನು ಹಾಗೆ ಇಡಿಯಾಗಿ ನುಂಗಿದ್ದು ಅದೊಂದೇ ಸಲ. ಕತ್ತೆ ಅಂದನಲ್ಲ ಅವಳನ್ನು! ಒಂದು ತಿಂಗಳು ಅವನ ಕಣ್ಣೆದುರಿಗೇ ಒಂದು ದೋಣಿಯ ಜೀವ ಹಿಡಿದಿಟ್ಟವಳನ್ನು! ಅವಳು ಆಗಲೇ ಫೋನು ಹಚ್ಚಿ ಕೆರೆಯ ಗಂಡಸರನ್ನು ಕರೆಯುತ್ತಿದ್ದಳು.

ಮಣ್ಣು ಬಗೆದು ಹೊರಗೆ ಹಾಕಲು ಮಧ್ಯಾಹ್ನವಾಯಿತು. ನನಗೂ ಒಂದು ಪುಟ್ಟಿ ಕೊಟ್ಟರು. ಆರೇಳು ಜನ ಹೆಗಲು ಕೊಟ್ಟು ದೋಣಿಯನ್ನು ನೀರಿಗೆ ಒಯ್ದರು. ಕಾವಲುಗಾರನೂ ಒಂದು ಕಡೆ ಕೈ ಹಾಕಿದ. ಅವಳು ಸೊಂಟದ ಮಟ್ಟ ನೀರಿನಲ್ಲಿ ನಿಂತು ತಳದ ಮೇಲೆ ಉದ್ದಕ್ಕೂ ಕೈಯಾಡಿಸಿದಳು, ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು. ಸಂದು ಬಿಟ್ಟಿತ್ತು. ಹಲಗೆ ಸೀಳಿರಲಿಲ್ಲ. “ಐತ್ರಿ ಮಾವಶಿ,” ಎಂದು ಅಲ್ಲಿಂದಲೇ ಕೂಗಿದಳು. “ಜೀವ ಐತಿ!” ನಾನು ದಡದ ಕೆಸರಿನಲ್ಲೇ ಕುಕ್ಕರುಬಡಿದು ಅತ್ತೆ.

ಆಮೇಲೆ ಕಲ್ಲು ತುಂಬತೊಡಗಿದರು. ಈ ಸಲ ಆಳದ ಕಡೆಗೆ ತಳ್ಳಿಕೊಂಡು ಹೋದರು. ಅಂಚಿನ ಮೇಲೆ ನೀರು ಬರುತ್ತಿದ್ದಂತೆ ಅವಳು ನನ್ನ ಕಡೆ ತಿರುಗಿ, “ಫೋಟೊ ತಗೀರಿ, ಜಲ್ದಿ, ಹೊಂಟೈತಿ,” ಎಂದಳು.

ಕ್ಯಾಮೆರಾ ಕೈಗೆ ತೆಗೆದುಕೊಂಡೆ. ಹಿಂದಿನ ರಸ್ತೆಯ ದೀಪದ ಕಂಬ, ಬಲಗಡೆಯ ಮೆಟ್ಟಿಲು, ನಡುವೆ ಮುಳುಗುತ್ತಿರುವ ದೋಣಿ. ಜಾಗ ಯಾವುದೆಂದು ಯಾರಿಗಾದರೂ ತಿಳಿಯುವಂಥ ಫೋಟೊ. ನೋಡಿದವರಲ್ಲಿ ಒಬ್ಬ ಮತ್ತೆ ವಾಹ್ ಎನ್ನುತ್ತಾನೆ, ಉಳಿಸೋಣ ಎನ್ನುತ್ತಾನೆ.

“ಬ್ಯಾಡ,” ಎಂದೆ. “ಹೋಗಲಿ ಅದು.”

ನೀರಿನ ಮೇಲೆ ಸ್ವಲ್ಪ ಹೊತ್ತು ಗುಳ್ಳೆ ಬಂದವು. ನಾನು ಕ್ಯಾಮೆರಾ ಚೀಲದೊಳಗಿಟ್ಟು ಜಿಪ್ ಎಳೆದೆ.